ಮೊಟ್ಟೆಯಿಲ್ಲದ ಹಳದಿ

ಕಳೆದ ತಿಂಗಳು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಛಾಯಾಚಿತ್ರ ಕಳುಹಿಸಿದ್ದಳು. ಯಾವುದೋ ಹಳೆಯ ಕಾರ್ಖಾನೆಯ ಕಟ್ಟಡ. ಅದರ ಹೆಸರು 'ಕಸ್ಟರ್ಡ್ ಫ್ಯಾಕ್ಟರಿ' ಎಂದು. ಈಗ ಅಲ್ಲಿ ಕಸ್ಟರ್ಡು ತಯಾರಾಗುವುದಿಲ್ಲವಂತೆ. ಅಂಗಡಿಗಳೂ ಕಲಾವಿದರ ಕಾರ್ಯಾಗಾರಗಳೂ ಸಣ್ಣ ಕಚೇರಿಗಳೂ ಇವೆಯಂತೆ. ಚಿತ್ರದ ಜೊತೆಗೆ ಅವಳು ನಾಲ್ಕು ಸಾಲು ಬರೆದಿದ್ದಳು: "ಟೀಚರ್, ನಮ್ಮ ಹತ್ತನೇ ಕ್ಲಾಸಿನ ಬೀಳ್ಕೊಡುಗೆ ದಿನ ನೀವು ಗಾಜಿನ ಪಾತ್ರೆಯಲ್ಲಿ ಪದರ ಪದರವಾಗಿ ಒಂದು ಸಿಹಿ ಮಾಡಿ ತಂದಿದ್ರಲ್ಲ, ಅದಕ್ಕೆ ಹಾಕೋ ಪುಡಿ ಹುಟ್ಟಿದ್ದು ಈ ಊರಲ್ಲಂತೆ. ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಅದು ಅವತ್ತು ಕಹಿಯಾಗಿತ್ತಲ್ಲ, ಅದು ಹಾಗೇ ಇರಬೇಕಿತ್ತಾ?"

ಇಷ್ಟು ವರ್ಷ ಈ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಆ ಹುಡುಗಿಯ ಸೌಜನ್ಯಕ್ಕೆ ಏನು ಹೇಳಲಿ! ಅಂದು ನಲವತ್ತೆರಡು ಮಂದಿ ವಿದ್ಯಾರ್ಥಿಗಳು ಬಟ್ಟಲು ಖಾಲಿ ಮಾಡಿ "ಚೆನ್ನಾಗಿದೆ ಟೀಚರ್" ಎಂದಿದ್ದರು. ಕಹಿಯ ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮುನ್ನ ಈ ಸಿಹಿಯ ಇತಿಹಾಸವನ್ನು ಬರೆಯಬೇಕೆನ್ನಿಸಿತು. ನಾನು ಪಾಠ ಹೇಳುತ್ತಿದ್ದ ಚರಿತ್ರೆಯ ಪುಸ್ತಕಗಳಲ್ಲಿ ಪ್ಲಾಸಿ ಕದನವಿತ್ತು, ಸಹಾಯಕ ಸೈನ್ಯ ಪದ್ಧತಿಯಿತ್ತು. ಆದರೆ ಆ ಜನ ಏನು ತಿಂದರು, ಅದರಲ್ಲಿ ನಮ್ಮ ಅಡಿಗೆಮನೆಗೆ ಬಂದದ್ದೇನು ಎಂಬುದಿರಲಿಲ್ಲ. ಇದರೊಡನೆ ನನ್ನ ಅಜ್ಜಿಗೆ ಸಂಬಂಧಿಸಿದ ಒಂದು ಸಂಗತಿಯೂ ಸೇರಿಕೊಂಡಿದೆ. ಬಂಧುಗಳಲ್ಲಿ ಯಾರಿಗೂ ಇದುವರೆಗೆ ಅದನ್ನು ಹೇಳಿರಲಿಲ್ಲ.

ಈ ಭಕ್ಷ್ಯಕ್ಕೆ ಇಂಗ್ಲಿಷಿನಲ್ಲಿ ಟ್ರೈಫಲ್ ಎಂದು ಹೆಸರು. ಕ್ಷುಲ್ಲಕ, ಹುಡುಗಾಟದ್ದು ಎಂದು ಆ ಪದದ ಅರ್ಥ. ಮೋಸ, ಪರಿಹಾಸ್ಯ ಎಂಬರ್ಥದ ಹಳೆಯ ಫ್ರೆಂಚ್ ಪದವೊಂದು ಅದರ ಮೂಲ. 16ನೆಯ ಶತಮಾನದ ಕೊನೆಯ ಭಾಗದಲ್ಲಿ ಥಾಮಸ್ ಡಾಸನ್ ಎಂಬಾತ ಇಂಗ್ಲೆಂಡಿನ ಗೃಹಿಣಿಯರಿಗಾಗಿ ಬರೆದ ಪಾಕಪುಸ್ತಕದಲ್ಲಿ ಈ ಹೆಸರು ಮೊದಲು ಕಾಣುತ್ತದೆ. ಆಗ ಅದು ಪದರಗಳ ತಿನಿಸಾಗಿರಲಿಲ್ಲ. ಸಕ್ಕರೆ, ಶುಂಠಿ, ಪನ್ನೀರು ಬೆರೆಸಿದ ಗಟ್ಟಿ ಕೆನೆ, ಅಷ್ಟೇ. ಪದರಗಳು ಬಂದದ್ದು 18ನೆಯ ಶತಮಾನದಲ್ಲಿ. ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲಿ ತನ್ನ ಹೆಸರು ಹಾಕಿಕೊಳ್ಳದೆ, 'ಒಬ್ಬ ಮಹಿಳೆ' ಎಂದಷ್ಟೇ ಸೂಚಿಸಿ ಪ್ರಕಟಿಸಿದ ಪಾಕಶಾಸ್ತ್ರ ಗ್ರಂಥ ಬಹಳ ಜನಪ್ರಿಯವಾಯಿತು. ಅದರ ಮುಂದಿನ ಮುದ್ರಣವೊಂದರಲ್ಲಿ ನಾವು ಗುರುತಿಸಬಲ್ಲ ಟ್ರೈಫಲ್ ಇದೆ: ತಳದಲ್ಲಿ ಮುರಿದ ಬಿಸ್ಕತ್ತು, ಅದನ್ನು ನೆನೆಸಲು ದ್ರಾಕ್ಷಾರಸದ ಮದ್ಯ, ಅದರ ಮೇಲೆ ಮೊಟ್ಟೆಯ ಕಸ್ಟರ್ಡು, ಎಲ್ಲಕ್ಕಿಂತ ಮೇಲೆ ನೊರೆಗೆನೆ. ಮುಂದೆ ಹಣ್ಣೂ ಜೆಲ್ಲಿಯೂ ಸೇರಿಕೊಂಡವು.

ಒಣಗಿ ಬಿರುಸಾದ ಕೇಕನ್ನು ಎಸೆಯಲಾರದ ಮಿತವ್ಯಯವೂ ಇದರ ಹಿಂದಿದೆ. ನಮ್ಮಲ್ಲಿ ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವಂತೆ ಅವರಲ್ಲಿ ಹಳಸಲು ಕೇಕು ಟ್ರೈಫಲ್ ಆಯಿತು. ಒಲೆಗೂಡಿನ ಕೆಲಸವೆಲ್ಲ ಹಿಂದೆಯೇ ಆಗಿಹೋಗಿರುತ್ತದೆ; ಹಾಲು ಕಾಯಿಸುವಷ್ಟು ಬೆಂಕಿಯಿದ್ದರೆ ಸಾಕು. ಈ ಒಂದು ಗುಣದಿಂದಲೇ ಮುಂದೆ ಅದು ನಮ್ಮ ಮನೆಗಳನ್ನು ಹೊಕ್ಕದ್ದು. ನಮ್ಮ ಅಡಿಗೆಮನೆಗಳಲ್ಲಿ ಸೌದೆ ಒಲೆಯಿತ್ತು, ಇದ್ದಿಲ ಒಲೆಯಿತ್ತು, ಸೀಮೆಎಣ್ಣೆಯ ಸ್ಟೌವಿತ್ತು. ಕೇಕು ಬೇಯಿಸುವ ಒಲೆಗೂಡು ಯಾರ ಮನೆಯಲ್ಲಿತ್ತು?

ಇಡೀ ಭಕ್ಷ್ಯದಲ್ಲಿ ಕಷ್ಟದ ಪದರವೆಂದರೆ ಕಸ್ಟರ್ಡು. ಈ ಹೆಸರು ಬಂದದ್ದೂ ಫ್ರೆಂಚ್ ಕಡೆಯಿಂದಲೇ. ಹಿಟ್ಟಿನ ಹೊದಿಕೆಯೊಳಗೆ ತುಂಬಿ ಬೇಯಿಸುತ್ತಿದ್ದ ಹೂರಣದ ತಿನಿಸಿಗೆ ಆ ಹೆಸರಿತ್ತು. ಹೊದಿಕೆ ಕಳಚಿಹೋಗಿ, ಒಳಗಿನ ಹಾಲು ಮೊಟ್ಟೆಗಳ ಪಾಕಕ್ಕೇ ಹೆಸರು ಉಳಿಯಿತು. ಹಾಲಿಗೆ ಮೊಟ್ಟೆಯ ಹಳದಿಯನ್ನು ಬೆರೆಸಿ ಹದವಾದ ಉರಿಯಲ್ಲಿ ಕೈಬಿಡದೆ ತಿರುವಬೇಕು. ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅದು ಗಟ್ಟಿಯಾಗುತ್ತದೆ. ಅದಕ್ಕಿಂತ ತುಸು ಮೀರಿದರೂ ಮೊಟ್ಟೆಯ ಸಸಾರಜನಕ ಗಂಟುಗಟ್ಟಿ ಪಾಕ ಒಡೆದುಹೋಗುತ್ತದೆ. ಥರ್ಮಾಮೀಟರಿಲ್ಲದ ಅಡಿಗೆಮನೆಯಲ್ಲಿ ಇದು ಅನುಭವಸ್ಥರ ಕೈಗೆ ಮಾತ್ರ ಒಲಿಯುತ್ತಿದ್ದ ವಿದ್ಯೆ.

ಈ ವಿದ್ಯೆಯ ಅಗತ್ಯವನ್ನೇ ಇಲ್ಲವಾಗಿಸಿದವನು ಒಬ್ಬ ಔಷಧಿ ವ್ಯಾಪಾರಿ, ಆಲ್ಫ್ರೆಡ್ ಬರ್ಡ್. 1811ರಲ್ಲಿ ಗ್ಲಾಸ್ಟರ್‌ಶೈರ್ ಸೀಮೆಯಲ್ಲಿ ಹುಟ್ಟಿದ ಈತ ಬರ್ಮಿಂಗ್‌ಹ್ಯಾಮಿನ ಬೆಲ್ ಸ್ಟ್ರೀಟಿನಲ್ಲಿ ಅಂಗಡಿಯಿಟ್ಟ. ಅವನ ಹೆಂಡತಿ ಎಲಿಜಬೆತ್‌ಳಿಗೆ ಮೊಟ್ಟೆ ಆಗುತ್ತಿರಲಿಲ್ಲ. ಹುದುಗುಬರಿಸುವ ಯೀಸ್ಟ್ ಕೂಡ ಒಗ್ಗುತ್ತಿರಲಿಲ್ಲ. ಎಂದರೆ ಆ ದೇಶದಲ್ಲಿ ಅವಳಿಗೆ ರೊಟ್ಟಿಯೂ ಇಲ್ಲ, ಸಿಹಿಯೂ ಇಲ್ಲ. ಎಲ್ಲರೂ ಮೇಜಿನ ಸುತ್ತ ಕುಳಿತು ಕಸ್ಟರ್ಡು ತಿನ್ನುವಾಗ ಆಕೆ ಸುಮ್ಮನೆ ನೋಡುತ್ತ ಕೂರಬೇಕು. 1837ರಲ್ಲಿ, ವಿಕ್ಟೋರಿಯಾ ರಾಣಿ ಪಟ್ಟವೇರಿದ ವರ್ಷದಲ್ಲೇ, ಬರ್ಡ್ ಮೊಟ್ಟೆಯ ಬದಲು ಪಿಷ್ಟವನ್ನು ಬಳಸಿ ಹಾಲನ್ನು ಗಟ್ಟಿ ಮಾಡುವ ಪುಡಿಯನ್ನು ಕಂಡುಹಿಡಿದ. 1843ರಲ್ಲಿ ಯೀಸ್ಟಿನ ಬದಲಿಗೆ ಬೇಕಿಂಗ್ ಪೌಡರ್ ಮಾಡಿದ. ಎರಡೂ ಒಬ್ಬಳ ಊಟಕ್ಕಾಗಿ.

ಮನೆಗೆ ಬಂದ ಅತಿಥಿಗಳಿಗೆ ಕೈತಪ್ಪಿ ಹೆಂಡತಿಯ ಪಾಲಿನ ಕಸ್ಟರ್ಡನ್ನೇ ಬಡಿಸಿದರೆಂದೂ, ಅವರು ಅದನ್ನು ಮೆಚ್ಚಿಕೊಂಡ ಮೇಲೆಯೇ ಮಾರಾಟದ ಯೋಚನೆ ಹುಟ್ಟಿತೆಂದೂ ಒಂದು ಕಥೆಯಿದೆ. ಕಂಪೆನಿಗಳು ತಮ್ಮ ಬಗ್ಗೆ ಹೇಳಿಕೊಳ್ಳುವ ಕಥೆಗಳನ್ನು ಸ್ಥಳಪುರಾಣಗಳಂತೆ ಓದಬೇಕು. ನಂಬುವುದು ಬೇಡ, ಬಿಡುವುದೂ ಬೇಡ. ಬೇಕಿಂಗ್ ಪೌಡರು ಕ್ರಿಮಿಯಾ ಯುದ್ಧದ (1853–56) ಕಾಲದಲ್ಲಿ ಬ್ರಿಟಿಷ್ ಸೈನಿಕರಿಗೆ ತಾಜಾ ರೊಟ್ಟಿ ಒದಗಿಸಲು ನೆರವಾಯಿತು. ಮಗನ ಕಾಲಕ್ಕೆ ವ್ಯಾಪಾರ ಬೆಳೆದು ದೊಡ್ಡ ಕಾರ್ಖಾನೆಯಾಯಿತು. ನನ್ನ ವಿದ್ಯಾರ್ಥಿನಿ ಕಳುಹಿಸಿದ ಚಿತ್ರ ಅದರದೇ. 1947ರಲ್ಲಿ ಕಂಪೆನಿ ಅಮೆರಿಕದ ಜನರಲ್ ಫುಡ್ಸ್ ಸಂಸ್ಥೆಯ ಕೈಸೇರಿತು. 1964ರಲ್ಲಿ ಕಾರ್ಖಾನೆ ಬ್ಯಾನ್‌ಬರಿ ಎಂಬ ಊರಿಗೆ ಸ್ಥಳಾಂತರವಾಯಿತು. ನಡುವೆ ಎರಡನೆಯ ಮಹಾಯುದ್ಧ ಬಂದು, 1941ರಿಂದ 1953ರವರೆಗೆ ಇಂಗ್ಲೆಂಡಿನಲ್ಲಿ ಮೊಟ್ಟೆಗೂ ರೇಷನ್ ಇತ್ತು. ಮೊಟ್ಟೆ ತಿನ್ನಬಲ್ಲವರೆಲ್ಲರೂ ಆಗ ಎಲಿಜಬೆತ್‌ಳ ಸಾಲಿಗೆ ಬಂದು ಕುಳಿತರು.

ಬರ್ಡ್‌ನ ಬಗ್ಗೆ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಆತ ತನ್ನನ್ನು ಪ್ರಯೋಗಶೀಲ ರಸಾಯನಶಾಸ್ತ್ರಜ್ಞನೆಂದು ಕರೆದುಕೊಳ್ಳುತ್ತಿದ್ದ. 1859ರಲ್ಲಿ ನೀರಿನ ವಾಯುಭಾರಮಾಪಕವೊಂದನ್ನು ಕಟ್ಟಿ, ಹವೆಯ ಏರಿಳಿತವನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಐದು ಸ್ಥಾಯಿಗಳಿಗೆ ಶ್ರುತಿಗೂಡಿಸಿದ ಗಾಜಿನ ಬಟ್ಟಲುಗಳ ಸಾಲೊಂದು ಅವನ ಬಳಿಯಿತ್ತು; ನಮ್ಮ ಜಲತರಂಗದ ದಾಯಾದಿಯೆನ್ನಿ. ಅದನ್ನು ಸೊಗಸಾಗಿ ನುಡಿಸುತ್ತಿದ್ದನಂತೆ. 1878ರಲ್ಲಿ ಆತ ತೀರಿಕೊಂಡಾಗ ರಸಾಯನಶಾಸ್ತ್ರ ಸಂಘದ ಪತ್ರಿಕೆ ಅವನ ವಿಜ್ಞಾನಾಸಕ್ತಿಯನ್ನು ವಿಸ್ತಾರವಾಗಿ ಬರೆಯಿತು. ಕಸ್ಟರ್ಡಿನ ವಿಷಯವನ್ನು ಮಾತ್ರ ಎತ್ತಲಿಲ್ಲ. ಹೆಂಡತಿಗಾಗಿ ಅಡಿಗೆಮನೆಯಲ್ಲಿ ಮಾಡಿದ ಕೆಲಸ ವಿದ್ವಾಂಸರ ಪತ್ರಿಕೆಗೆ ತಕ್ಕದ್ದಲ್ಲವೆನ್ನಿಸಿರಬೇಕು.

ಈಗ ಡಬ್ಬಿಯೊಳಗೇನಿದೆ ನೋಡೋಣ. ಬಹುಪಾಲು ಮುಸುಕಿನ ಜೋಳದ ಪಿಷ್ಟ, ಮೇಲೆ ಚಿಟಿಕೆ ಉಪ್ಪು, ವೆನಿಲಾದ ಪರಿಮಳ, ಹಳದಿ ಬಣ್ಣ. ಅಷ್ಟೇ. ನಮ್ಮ ದಾವಣಗೆರೆ, ಹಾವೇರಿ ಕಡೆ ಎಕರೆಗಟ್ಟಲೆ ಬೆಳೆಯುವ ಅದೇ ಜೋಳ. ಪಿಷ್ಟದ ಕಣಗಳು ತಣ್ಣನೆಯ ಹಾಲಿನಲ್ಲಿ ಕರಗುವುದಿಲ್ಲ, ತೇಲಾಡುತ್ತಿರುತ್ತವೆ. ಶಾಖ 60 ಡಿಗ್ರಿ ದಾಟಿದ ಮೇಲೆ ನೀರು ಹೀರಿಕೊಂಡು ಉಬ್ಬತೊಡಗುತ್ತವೆ. ಕುದಿಯ ಹತ್ತಿರ ಬಂದಾಗ ಇಡೀ ಹಾಲು ಗಟ್ಟಿಯಾಗುತ್ತದೆ. ಪುಡಿಯನ್ನು ನೇರವಾಗಿ ಬಿಸಿ ಹಾಲಿಗೆ ಸುರಿದರೆ ಹೊರಗಿನ ಕಣಗಳು ಮೊದಲು ಉಬ್ಬಿ ಅಂಟಿಕೊಂಡು ಒಳಗಿನ ಪುಡಿಯನ್ನು ಒಣಗಲಾಗಿಯೇ ಕೂಡಿಹಾಕುತ್ತವೆ. ಅದೇ ಗಂಟು. ರಾಗಿ ಅಂಬಲಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುವ ನಮ್ಮ ಹೆಂಗಸರಿಗೆ ಇದನ್ನು ಯಾವ ಬರ್ಡನೂ ಹೇಳಿಕೊಡಬೇಕಾಗಿರಲಿಲ್ಲ.

ನಿಷ್ಠುರವಾಗಿ ಹೇಳುವುದಾದರೆ ಇದು ಕಸ್ಟರ್ಡೇ ಅಲ್ಲ, ಕಸ್ಟರ್ಡಿನ ವೇಷ. ಜೋಳದ ಪಿಷ್ಟಕ್ಕೆ ಹಳದಿ ಬಣ್ಣವಿಲ್ಲ, ಅದು ಬೆಳ್ಳಗಿರುತ್ತದೆ. ಹಳದಿಯನ್ನು ಬೆರೆಸುವುದು ಮೊಟ್ಟೆಯ ಭಂಡಾರದ ನೆನಪಿಗಾಗಿ, ಇದೂ ಕಸ್ಟರ್ಡೇ ಎಂದು ತಿನ್ನುವವನ ಕಣ್ಣಿಗೆ ಸಮಾಧಾನವಾಗಲೆಂದು. ಇಂಗ್ಲಿಷರನ್ನು ಒಪ್ಪಿಸಲು ಹಚ್ಚಿದ ಈ ಬಣ್ಣವೇ ನಮ್ಮ ಮನೆಗಳಲ್ಲಿ ಸಂಶಯಕ್ಕೆ ಕಾರಣವಾಯಿತು.

ನಮ್ಮ ಸೀಮೆಗೆ ಟ್ರೈಫಲ್ ಬಂದದ್ದು ದಂಡಿನ ಜೊತೆಗೆ. 1809ರಲ್ಲಿ ಬೆಂಗಳೂರಿನಲ್ಲಿ ಕಂಟೋನ್ಮೆಂಟು ನೆಲೆಗೊಂಡಿತು. ದೊರೆಗಳ ಬಂಗಲೆಗಳಲ್ಲಿ ಬಟ್ಲರುಗಳು ಕಸ್ಟರ್ಡು, ಪುಡ್ಡಿಂಗು ಕಲಿತರು. ಮದ್ಯದಲ್ಲಿ ನೆನೆಸಿದ ಕೇಕಿನ 'ಟಿಪ್ಸಿ ಪುಡ್ಡಿಂಗ್' ಎಂಬ ಅದರ ಒಂದು ರೂಪ ನಮ್ಮ ಸೇನೆಯ ಅಧಿಕಾರಿಗಳ ಮೆಸ್ಸುಗಳಲ್ಲಿ ಇಂದಿಗೂ ಉಳಿದಿದೆ. ಆದರೆ ದಂಡಿನಿಂದ ಪೇಟೆಗೆ ಇದ್ದ ದೂರ ಎರಡು ಮೂರು ಮೈಲಿಯಲ್ಲ, ಮೊಟ್ಟೆಯಷ್ಟು. ಆ ದೂರವನ್ನು ದಾಟಿಸಿದ್ದು ಪುಡಿಯ ಡಬ್ಬಿ. 1956ರಲ್ಲಿ ಪುಣೆಯಲ್ಲಿ ವೀಕ್‌ಫೀಲ್ಡ್ ಕಂಪೆನಿ ಆರಂಭವಾಯಿತು. ಬ್ರೌನ್ ಅಂಡ್ ಪೋಲ್ಸನ್ ಹೆಸರಿನ ಡಬ್ಬಿಯೂ ಅಂಗಡಿಗಳಲ್ಲಿ ಸಿಗುತ್ತಿತ್ತು. ಒಬ್ಬ ಹೆಂಗಸಿಗೆ ಮೊಟ್ಟೆ ಒಗ್ಗದೆಂದು ಮಾಡಿದ ಪುಡಿ ಮೊಟ್ಟೆಯನ್ನು ಮುಟ್ಟದ ಲಕ್ಷಾಂತರ ಮನೆಗಳಿಗೆ ಸರಿಹೊಂದಿತು. ಗೋದ್ರೆಜ್‌ನವರು ದೇಶದಲ್ಲೇ ರೆಫ್ರಿಜರೇಟರ್ ತಯಾರಿಸತೊಡಗಿದ್ದು 1958ರಲ್ಲಿ. ಡಬ್ಬಿ ಮತ್ತು ಫ್ರಿಜ್ಜು, ಇವೆರಡೂ ಸೇರಿದ ಮೇಲೆ ಮದುವೆ ಮನೆಗಳ 'ಫ್ರೂಟ್ ಸಾಲಡ್' ಹುಟ್ಟಿತು.

ಈಗ 1971ರ ಬೇಸಿಗೆ ರಜೆಗೆ ಬರುತ್ತೇನೆ. ನನಗೆ ಹನ್ನೆರಡು ವರ್ಷ; ಏಳನೆಯ ತರಗತಿಯ ಪರೀಕ್ಷೆ ಮುಗಿಸಿ ಅಜ್ಜಿಯೊಡನೆ ಬೆಂಗಳೂರಿಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪನಿಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ಚಿಕ್ಕಮ್ಮ ಮೈಸೂರಿನಲ್ಲಿ ಗೃಹವಿಜ್ಞಾನ ಓದಿದವರು, ಬೇರೆ ಒಳಪಂಗಡದವರು. ಇಂದಿನ ಹುಡುಗರಿಗೆ ಇದು ನಗೆಯ ಮಾತು. ಅಂದು ಅದು ನಗೆಯಾಗಿರಲಿಲ್ಲ. ಮಡಿ ಹೆಂಗಸಾದ ಅಜ್ಜಿ ಸೊಸೆಯೊಡನೆ ಜಗಳವಾಡಲಿಲ್ಲ, ಒರಟು ಮಾತಾಡಲಿಲ್ಲ. ಅವಳ ಕೈಯಡಿಗೆಯನ್ನು ಮಾತ್ರ ಉಣ್ಣುತ್ತಿರಲಿಲ್ಲ. ಮೂಲೆಯಲ್ಲಿ ಇದ್ದಿಲ ಒಲೆ ಹಚ್ಚಿಕೊಂಡು ತಮಗೆ ಬೇಕಾದ್ದನ್ನು ತಾವೇ ಬೇಯಿಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಬಾಗಿಲಲ್ಲಿ ನಿಂತು "ಏನಾದ್ರೂ ಹೆಚ್ಚಿಕೊಡ್ಲಾ ಅತ್ತೆ?" ಎಂದು ಕೇಳುವರು. "ಬೇಡ ಕಣಮ್ಮ, ಒಬ್ಬಳ ಅಡಿಗೆ ಎಷ್ಟರದು" ಎಂದು ಅಜ್ಜಿ ಹೇಳುವರು. ದಿನವೂ ಇದೇ ಪ್ರಶ್ನೆ, ಇದೇ ಉತ್ತರ.

ಒಂದು ಮಧ್ಯಾಹ್ನ ಚಿಕ್ಕಮ್ಮ ಕಸ್ಟರ್ಡು ಮಾಡಿದರು. ಹೊಸ ಫ್ರಿಜ್ಜು ಬಂದಿತ್ತು. ಹಾಲಿನವನು ಮನೆಯ ಮುಂದೆಯೇ ಹಸು ತಂದು ಕರೆದುಕೊಡುತ್ತಿದ್ದ ಕಾಲ. ಹಾಲಿನ ಬಗ್ಗೆ ಅಜ್ಜಿಗೆ ಆಕ್ಷೇಪವಿರಲಿಲ್ಲ. ಹಾಲಿನಲ್ಲಿ ಬೆಂದದ್ದಕ್ಕೆ ಅನ್ನದಷ್ಟು ಮುಸುರೆಯ ಕಟ್ಟೂ ಇಲ್ಲ. ಚಿಕ್ಕಮ್ಮ ಇದನ್ನೆಲ್ಲ ಯೋಚಿಸಿಯೇ ಮಾಡಿದ್ದರೆಂದು ನನಗೆ ಈಗ ಹೊಳೆಯುತ್ತದೆ. ಬೇಕರಿಯ ಕೇಕು ಬೇಡವೆಂದು ತಳದ ಪದರವನ್ನೇ ಬಿಟ್ಟರು. ಹುಳಿ ಹಣ್ಣನ್ನು ಹಾಲಿನೊಡನೆ ಸೇರಿಸುವುದು ವಿರುದ್ಧಾಹಾರವೆಂದು ಅಜ್ಜಿ ಹೇಳುವರು. ಚರಕಸಂಹಿತೆಯಲ್ಲಿಯೂ ಈ ಮಾತಿದೆ. ಅದಕ್ಕಾಗಿ ಕಿತ್ತಳೆಯನ್ನು ಬಿಟ್ಟು ರಸಬಾಳೆ, ಮಾವು, ಸಪೋಟ ಹೆಚ್ಚಿದರು. ಗಾಜಿನ ದೊಡ್ಡ ಬಟ್ಟಲಿನ ತಳದಲ್ಲಿ ಕೆಂಪು ಜೆಲ್ಲಿ, ಅದರ ಮೇಲೆ ಹಣ್ಣು, ಮೇಲೆ ಹಳದಿ ಕಸ್ಟರ್ಡು. ಸಂಜೆ ಫ್ರಿಜ್ಜಿನಿಂದ ತೆಗೆದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದೆವು.

ಅಜ್ಜಿಯೂ ನೋಡಿದರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಅದಕ್ಕೆ ಮೊಟ್ಟೆ ಹಾಕಿದಾಳೇನೇ? ಬಣ್ಣ ನೋಡಿದ್ರೆ ಹಾಗೇ ಇದೆ."

ನಾನು ಓಡಿಹೋಗಿ ಡಬ್ಬಿ ತಂದೆ. ಅಕ್ಷರ ಕೂಡಿಸಿ ಇಂಗ್ಲಿಷ್ ಓದುವ ಉತ್ಸಾಹದ ವಯಸ್ಸು. ಒಂದೊಂದೇ ಪದವನ್ನು ಓದಿ ಅರ್ಥ ಹೇಳಿದೆ. ಸ್ಟಾರ್ಚ್ ಎಂಬ ಪದ ಬಂದಾಗ, "ಬಟ್ಟೆಗೆ ಹಾಕ್ತಾರಲ್ಲ ಅಜ್ಜಿ, ಗಂಜಿ, ಅದು" ಎಂದೆ. ಅಜ್ಜಿ ನಕ್ಕುಬಿಟ್ಟರು. "ಗಂಜಿ ಕುಡಿಯೋಕೆ ಇಷ್ಟು ವೈಭವವೇ!" ಎಂದರು. ಮೊಟ್ಟೆಯ ಮಾತು ಡಬ್ಬಿಯಲ್ಲಿ ಎಲ್ಲಿಯೂ ಇರಲಿಲ್ಲ. "ಹಾಗಾದ್ರೆ ಆ ಕೆಂಪನೇದು?" ಎಂದು ಕೇಳಿದರು. ಜೆಲ್ಲಿಯ ಪೊಟ್ಟಣವನ್ನೂ ತಂದು ಓದಿದೆ. ಸಕ್ಕರೆ ಗೊತ್ತಿತ್ತು. ಬಣ್ಣ ಗೊತ್ತಿತ್ತು. ಜೆಲಟೀನ್ ಎಂಬ ಪದ ಮಾತ್ರ ಗೊತ್ತಿರಲಿಲ್ಲ. "ಹಾಗಂದ್ರೇನೇ?" ಎಂದರು ಅಜ್ಜಿ. ಗೊತ್ತಿಲ್ಲವೆನ್ನಲು ನಾಚಿಕೆಯಾಗಿ, "ಜೆಲ್ಲಿಗೆ ಹಾಕೋ ಪುಡಿ ಅಜ್ಜಿ" ಎಂದೆ.

ಅಜ್ಜಿ ತಿಂದರು. ತಮ್ಮ ಬೆಳ್ಳಿಬಟ್ಟಲಿಗೆ ಎರಡು ಸೌಟು ಹಾಕಿಸಿಕೊಂಡು, ಎಲ್ಲರೊಡನೆ ಪಡಸಾಲೆಯಲ್ಲಿ ಕುಳಿತು ತಿಂದರು. "ಕೆಂಪು ಭಾಗ ಮಾಣಿಕ್ಯದ ಹಾಗಿದೆ, ಇನ್ನು ಸ್ವಲ್ಪ ಹಾಕಮ್ಮ" ಎಂದು ಸೊಸೆಯನ್ನು ಕೇಳಿದರು. ಚಿಕ್ಕಮ್ಮ ಬಡಿಸಿ ಒಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಮರುದಿನದಿಂದ ಅಜ್ಜಿ ಅವರಿಂದ ತರಕಾರಿ ಹೆಚ್ಚಿಸಿಕೊಂಡರು. ಮುಂದಿನ ವರ್ಷ ಊಟವನ್ನೂ ಮಾಡಿದರು. ಇದು ನಮ್ಮ ಮನೆತನದಲ್ಲಿ ಎಲ್ಲರೂ ಸಂತೋಷದಿಂದ ಹೇಳುವ ಕಥೆ. ನಾನು ಡಬ್ಬಿ ಓದಿದ ಪ್ರಸಂಗವೂ ಅದರಲ್ಲಿ ಸೇರಿದೆ. ಬಂಧುಗಳೆಲ್ಲ ಕೇಳಿಯೇ ಇದ್ದೀರಿ.

ಕೇಳದಿರುವ ಭಾಗ ಇದು. 1986ರಲ್ಲಿ, ನಾನು ಪ್ರೌಢಶಾಲೆಗೆ ಸೇರಿದ ಹೊಸದರಲ್ಲಿ, ಶಿಕ್ಷಕರ ಕೊಠಡಿಯಲ್ಲಿ ಒಮ್ಮೆ ಈ ಕಥೆಯನ್ನು ಹೇಳಿದೆ. ವಿಜ್ಞಾನದ ಶಿಕ್ಷಕಿಯೊಬ್ಬರು ಕೇಳಿ ನಕ್ಕು, "ಕಸ್ಟರ್ಡು ಸರಿ, ಜೆಲ್ಲಿ ಯಾವುದರಿಂದ ಮಾಡ್ತಾರೆ ಗೊತ್ತೇನ್ರಿ?" ಎಂದರು. ಪ್ರಾಣಿಗಳ ಮೂಳೆ, ಚರ್ಮಗಳನ್ನು ಬೇಯಿಸಿ ತೆಗೆದ ಸಾರವೇ ಜೆಲಟೀನ್. ಹಿಂದೆ ಯೂರೋಪಿನ ಅಡಿಗೆಮನೆಗಳಲ್ಲಿ ಕರುವಿನ ಕಾಲುಗಳನ್ನು ಗಂಟೆಗಟ್ಟಲೆ ಕುದಿಸಿ ಜೆಲ್ಲಿ ಮಾಡುತ್ತಿದ್ದರು. 1845ರಲ್ಲಿ ಅಮೆರಿಕದ ಪೀಟರ್ ಕೂಪರ್ ಜೆಲಟೀನ್ ಪುಡಿಗೆ ಪೇಟೆಂಟ್ ಪಡೆದ. 1897ರಲ್ಲಿ ಅದಕ್ಕೆ ಬಣ್ಣ, ಹಣ್ಣಿನ ಪರಿಮಳ ಬೆರೆಸಿದ ಜೆಲ್‌-ಓ ಎಂಬ ಪುಡಿ ಹುಟ್ಟಿತು. ಜಗತ್ತಿನ ಜೆಲ್ಲಿ ಪೊಟ್ಟಣಗಳೆಲ್ಲ ಅದರ ಸಂತತಿ.

ಆ ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಮೊಟ್ಟೆಯನ್ನು ಹುಡುಕುತ್ತ ಮೂಳೆಯನ್ನು ಬಡಿಸಿದ್ದೆವು. ಅಜ್ಜಿ ಕೇಳಬೇಕಾದ್ದನ್ನು ಕೇಳಿದ್ದರು, ನೇರವಾಗಿಯೇ ಕೇಳಿದ್ದರು. ತಿಳಿಯದಿದ್ದರೂ ತಿಳಿದವಳಂತೆ ಉತ್ತರಿಸಿದವಳು ನಾನು. ಅವರು 1979ರಲ್ಲಿ ತೀರಿಕೊಂಡಿದ್ದರು. ಕೊನೆಯ ದಿನಗಳಲ್ಲಿ ಅವರು ನುಂಗಿದ ಔಷಧದ ಕ್ಯಾಪ್ಸೂಲುಗಳ ಕವಚವೂ ಜೆಲಟೀನೇ ಎಂದು ಆ ಶಿಕ್ಷಕಿ ನನ್ನ ಸಮಾಧಾನಕ್ಕಾಗಿ ಹೇಳಿದರು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಕ್ಯಾಪ್ಸೂಲನ್ನು ಅವರು ನನ್ನ ಮಾತು ನಂಬಿ ನುಂಗಿದ್ದಲ್ಲ.

ಮುಂದೆ ತರಗತಿಯಲ್ಲಿ ಮಕ್ಕಳು ನನಗೆ ತಿಳಿಯದ್ದನ್ನು ಕೇಳಿದಾಗಲೆಲ್ಲ "ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ" ಎನ್ನುತ್ತಿದ್ದೆ. ಇದಕ್ಕಾಗಿ ನೀವು ಬೆನ್ನ ಹಿಂದೆ ನಗುತ್ತಿದ್ದುದೂ ಗೊತ್ತು.

ಚಿಕ್ಕಮ್ಮನಿಗೆ ಇದನ್ನು ನಾನು ಹೇಳಲಿಲ್ಲ. ಅವರ ಬಾಳಿನ ಒಂದು ಒಳ್ಳೆಯ ಸಂಜೆಯನ್ನು ಕೆಡಿಸಲು ಮನಸ್ಸು ಬರಲಿಲ್ಲ. ಗೃಹವಿಜ್ಞಾನ ಓದಿದವರಿಗೆ ಜೆಲಟೀನ್ ಏನೆಂದು ತಿಳಿದಿರಲಿಲ್ಲವೇ ಎಂಬ ಪ್ರಶ್ನೆಯೂ ಒಮ್ಮೊಮ್ಮೆ ಏಳುತ್ತಿತ್ತು. ಕೇಕನ್ನು ನೆನಪಿಟ್ಟು ಬಿಟ್ಟವರು, ಕಿತ್ತಳೆಯನ್ನು ನೆನಪಿಟ್ಟು ಬಿಟ್ಟವರು. ತಿಳಿದೂ ಹಾಕುವ ಹೆಂಗಸು ಅವರಲ್ಲ ಎಂದೇ ನನ್ನ ನಂಬಿಕೆ. ಕೇಳಿ ನೋಡುವ ಧೈರ್ಯ ಮಾಡಲಿಲ್ಲ. ಹೋದ ವರ್ಷ ಅವರೂ ತೀರಿಕೊಂಡರು.

ನಮ್ಮ ದೇಶದಲ್ಲಿ ಆಹಾರದ ಪೊಟ್ಟಣಗಳ ಮೇಲೆ ಹಸಿರು, ಕಂದು ಬೊಟ್ಟುಗಳು ಕಡ್ಡಾಯವಾಗತೊಡಗಿದ್ದು 2001ರಿಂದ. ಇಂಗ್ಲಿಷ್ ಬಾರದ ಅಜ್ಜಿಯೂ ಹನ್ನೆರಡು ವರ್ಷದ ಮೊಮ್ಮಗಳನ್ನು ನಂಬಬೇಕಾಗಿಲ್ಲದ ವ್ಯವಸ್ಥೆ ಅದು. ಅಂಗಡಿಯಲ್ಲಿ ಮೊದಲ ಬಾರಿ ಆ ಬೊಟ್ಟನ್ನು ಕಂಡಾಗ ನಾನು ಎರಡು ನಿಮಿಷ ಪೊಟ್ಟಣವನ್ನು ಹಿಡಿದು ನಿಂತಿದ್ದೆ.

1986ರ ನಂತರ ನಾನು ಜೆಲ್ಲಿಗೆ ಚೈನಾ ಗ್ರಾಸನ್ನೇ ಬಳಸುತ್ತ ಬಂದಿದ್ದೇನೆ. ಹೆಸರಿಗೆ ಚೈನಾ ಗ್ರಾಸು. ಅದು ಹುಲ್ಲಲ್ಲ, ಅದರ ಹುಟ್ಟೂ ಚೀನಾದ್ದಲ್ಲ. ಕಡಲಿನ ಕೆಂಪು ಪಾಚಿಯಿಂದ ತೆಗೆದ ಅಂಟು ಪದಾರ್ಥ. 17ನೆಯ ಶತಮಾನದ ಜಪಾನಿನಲ್ಲಿ, ಛತ್ರವೊಂದರ ಯಜಮಾನ ಉಳಿದ ಪಾಚಿಯ ಸಾರನ್ನು ಚಳಿಗಾಲದ ರಾತ್ರಿ ಹೊರಗೆ ಚೆಲ್ಲಿ, ಅದು ಹೆಪ್ಪುಗಟ್ಟಿ ಒಣಗಿದ್ದನ್ನು ಕಂಡು ಇದನ್ನು ಪತ್ತೆಹಚ್ಚಿದನೆಂಬ ಐತಿಹ್ಯವಿದೆ. ನಮ್ಮ ನೆರೆಯ ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿಯೂ ಈ ಪಾಚಿಯನ್ನು ಸಂಗ್ರಹಿಸುತ್ತಾರೆ. ಜೆಲಟೀನಿನ ಜೆಲ್ಲಿ ನಮ್ಮ ಬೇಸಿಗೆಯ ಸೆಕೆಗೇ ಕರಗಿಹೋಗುತ್ತದೆ. ಚೈನಾ ಗ್ರಾಸು ಹಾಗಲ್ಲ. ಫ್ರಿಜ್ಜಿಲ್ಲದೆಯೂ ಹೆಪ್ಪುಗಟ್ಟುತ್ತದೆ, ಒಮ್ಮೆ ಗಟ್ಟಿಯಾದರೆ 80 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ.

ಈ ಗುಣವನ್ನು ವಿಜ್ಞಾನಿಗಳಿಗೆ ತಿಳಿಸಿಕೊಟ್ಟವಳೂ ಒಬ್ಬ ಗೃಹಿಣಿಯೇ. ಜರ್ಮನಿಯಲ್ಲಿ ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆಯ ಸೂಕ್ಷ್ಮಜೀವಿಗಳು, ಬೇಸಿಗೆಯಲ್ಲಿ ಜೆಲಟೀನ್ ಕರಗಿ ಹಾಳಾಗುತ್ತಿದ್ದವು. ಅವನ ಹೆಂಡತಿ ಫ್ಯಾನಿ 1881ರಲ್ಲಿ, ತನ್ನ ಅಡಿಗೆಮನೆಯ ಜೆಲ್ಲಿಗಳಿಗೆ ಬಳಸುತ್ತಿದ್ದ ಈ ಅಗರ್ ಅನ್ನು ಹಾಕಿ ನೋಡಿರೆಂದಳು. ಜಾವಾ ದ್ವೀಪದಲ್ಲಿ ವಾಸವಿದ್ದು ಬಂದ ನೆರೆಯವರಿಂದ ಆಕೆ ಅದನ್ನು ಕಲಿತಿದ್ದಳು. ಅಲ್ಲಿಂದ ಮುಂದೆ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನೇ ಬಳಸುತ್ತಿವೆ. 1882ರಲ್ಲಿ ಕಾಕ್ ಕ್ಷಯರೋಗಾಣುವಿನ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಅಗರಿನ ಹೆಸರಿದೆ, ಫ್ಯಾನಿಯ ಹೆಸರಿಲ್ಲ. ಬರ್ಡ್‌ನ ಕಸ್ಟರ್ಡನ್ನು ಬಿಟ್ಟ ಪತ್ರಿಕೆಯವರ ಸಾಲಿಗೆ ಇದನ್ನೂ ಸೇರಿಸಿಕೊಳ್ಳಿ.

ಇನ್ನು ಬರ್ಮಿಂಗ್‌ಹ್ಯಾಮಿನ ಹುಡುಗಿಗೆ ಉತ್ತರ. ಇಲ್ಲಮ್ಮ, ಅದು ಕಹಿಯಾಗಿರಬೇಕಾದ್ದಲ್ಲ. ತಪ್ಪು ನನ್ನದು. 1996ರ ಆ ಬೀಳ್ಕೊಡುಗೆಗೆ ನಾನು ಹಸಿ ಅನಾನಸ್ ಹೆಚ್ಚಿ ಹಾಕಿ ರಾತ್ರಿಯಿಡೀ ಇಟ್ಟೆ. ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ; ಅದು ಹಾಲಿನ ಸಸಾರಜನಕವನ್ನು ಒಡೆಯುತ್ತದೆ, ಒಡೆದ ಚೂರುಗಳು ಕಹಿ. ಹೊತ್ತು ಕಳೆದಂತೆ ಕಹಿಯೂ ಹೆಚ್ಚುತ್ತದೆ. ಜೆಲಟೀನ್ ಕೂಡ ಸಸಾರಜನಕವೇ ಆದ್ದರಿಂದ ಹಸಿ ಅನಾನಸ್ ಬಿದ್ದರೆ ಆ ಜೆಲ್ಲಿ ಗಟ್ಟಿಯೇ ಆಗುವುದಿಲ್ಲ. ಚೈನಾ ಗ್ರಾಸು ಗಟ್ಟಿಯಾಗಿ ನಿಂತಿದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ರುಚಿ ನೋಡದೆ ತಂದುಬಿಟ್ಟೆ. ಅನಾನಸ್ಸನ್ನು ಸಕ್ಕರೆಯೊಡನೆ ನಾಲ್ಕಾರು ನಿಮಿಷ ಬೇಯಿಸಿ ಆರಿಸಿದರೆ ಕಿಣ್ವ ಸಾಯುತ್ತದೆ. ವಿರುದ್ಧಾಹಾರವೆಂದು ಅಜ್ಜಿ ಹೇಳುತ್ತಿದ್ದುದರಲ್ಲಿ ಹುರುಳಿತ್ತೆಂದು ನಾನು ಒಪ್ಪಿಕೊಂಡದ್ದು ಆ ದಿನ ಮನೆಗೆ ಬಂದು ತಳದಲ್ಲಿ ಉಳಿದಿದ್ದುದನ್ನು ತಿಂದ ಮೇಲೆ.

ನಿನ್ನ ಮಕ್ಕಳಿಗೆ ಮಾಡಿಕೊಡುವುದಾದರೆ ಹೀಗೆ ಮಾಡು. ಅರ್ಧ ಲೀಟರ್ ನೀರಿಗೆ 5 ಗ್ರಾಂ ಚೈನಾ ಗ್ರಾಸನ್ನು ಕತ್ತರಿಸಿ ಹಾಕಿ ಹದಿನೈದು ನಿಮಿಷ ನೆನೆಸು. ಎಳೆ ಕಾಣದಂತೆ ಕರಗುವವರೆಗೆ ಕುದಿಸಿ, ಸಕ್ಕರೆ, ದಾಳಿಂಬೆ ರಸ ಸೇರಿಸಿ, ಉಗುರು ಬೆಚ್ಚಗಾಗುವ ಮೊದಲೇ ಬಟ್ಟಲಿಗೆ ಸುರಿ. ತಡಮಾಡಿದರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಮೊಟ್ಟೆ ಹಾಕದ ಕೇಕನ್ನೋ ಮಾರಿ ಬಿಸ್ಕತ್ತನ್ನೋ ಒಂದು ಸಾಲು ಜೋಡಿಸು. ನಂತರ ಹಣ್ಣು. ಅರ್ಧ ಲೀಟರ್ ಹಾಲಿನಲ್ಲಿ ಕಾಲು ಲೋಟದಷ್ಟನ್ನು ತಣ್ಣಗೆ ತೆಗೆದಿಟ್ಟುಕೊಂಡು ಅದರಲ್ಲಿ ಎರಡು ದೊಡ್ಡ ಚಮಚ ಕಸ್ಟರ್ಡು ಪುಡಿಯನ್ನು ಕದಡಿಕೋ. ಉಳಿದ ಹಾಲು ಸಕ್ಕರೆಯೊಡನೆ ಕುದಿಯುವಾಗ ಅದನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಕೈಬಿಡದೆ ತಿರುವು. ಆರುವವರೆಗೂ ಆಗಾಗ ತಿರುವುತ್ತಿದ್ದರೆ ಕೆನೆ ಕಟ್ಟುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಹಣ್ಣಿನ ಮೇಲೆ ಹರಡು. ಬಾಳೆಹಣ್ಣನ್ನು ಮಾತ್ರ ಕೊನೆಯಲ್ಲಿ ಹೆಚ್ಚು, ಇಲ್ಲವಾದರೆ ಕಪ್ಪಾಗುತ್ತದೆ.

ಚಿಕ್ಕಮ್ಮನ ಮಗ ಆ ಗಾಜಿನ ಬಟ್ಟಲನ್ನು ನನಗೆ ತಲುಪಿಸಿದ್ದಾನೆ. ಕಳೆದ ಭಾನುವಾರ ಅದರಲ್ಲೇ ಮಾಡಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಒಡಕು ಬಂದಿದೆ. ಬಿಸಿಯಾದದ್ದನ್ನು ಸುರಿಯುವಾಗ ಜೋಪಾನ ಮಾಡಬೇಕು.